ಎದುರಾಳಿ ಹೌದು ಅನ್ನುವ ತನಕ

ದೇವದುರ್ಗದ ಕಡೆ ನನ್ನ ಬಗ್ಗೆ ಒಂದು ಕಥೆ ಓಡಾಡುತ್ತಿದೆ: ಗಬ್ಬೂರಿನ ಕುರಿಗಾರರ ಮನೆಯ ಈ ಹುಡುಗ ಚಿಕ್ಕಂದಿನಲ್ಲೇ ಜ್ಞಾನದ ಹಸಿವಿನಿಂದ ಚೀನಾದ ತತ್ತ್ವಶಾಸ್ತ್ರದತ್ತ ತಿರುಗಿದನಂತೆ. ಚಿಕ್ಕಂದಿನಲ್ಲಿ ನನಗಿದ್ದದ್ದು ರೊಟ್ಟಿಯ ಹಸಿವು, ಅದೂ ದಿನಕ್ಕೆ ನಾಲ್ಕು ಸಲ. ಸಾಕ್ಷಿಯಿಲ್ಲದೆ ಯಾವುದನ್ನೂ ಒಪ್ಪದ ನಾನು ನನ್ನದೇ ಜೀವನಚರಿತ್ರೆಯನ್ನು ಹೇಗೆ ಒಪ್ಪಲಿ? ನಾನು ಈ ದಾರಿ ಹಿಡಿದದ್ದು ಒಂದು ಸುಳ್ಳಿನಿಂದ. ಆ ಸುಳ್ಳಿಗೆ ರಾಯಚೂರಿನಲ್ಲಿ ಮೊದಲ ಬಹುಮಾನವೂ ಬಂದಿತ್ತು.

ಆಗ ಮಾನ್ವಿಯಲ್ಲಿ ಬಿ.ಎ. ಓದುತ್ತಿದ್ದೆ. ನಮಗೆ ಚರ್ಚೆ ಕಲಿಸುತ್ತಿದ್ದ ಬಸಣ್ಣ ಸರ್ ಅವರದು ಒಂದೇ ಕಟ್ಟಳೆ: ಖಂಡಿಸುವ ಮುಂಚೆ ಎದುರಾಳಿಯ ಮಾತನ್ನು ನೀವೇ ಹೇಳಬೇಕು, ಅವನು ಹೌದೆಂದು ತಲೆಯಾಡಿಸುವ ತನಕ. ಅಷ್ಟು ತಾಳ್ಮೆ ಇದ್ದಿದ್ದರೆ ಕುರಿಯನ್ನೇ ಕಾಯುತ್ತಿದ್ದೆ. ರಾಯಚೂರಿನ ಸ್ಪರ್ಧೆಯಲ್ಲಿ ‘ಹಿರಿಯರಿಗೆ ವಿಧೇಯತೆಯೇ ನೀತಿಯ ಬೇರು’ ಎಂಬ ವಿಷಯ ಬಂತು, ನಾನು ವಿರೋಧ. ಎದುರಿನ ಹುಡುಗಿ ಚೀನಾದ ಒಬ್ಬ ಪ್ರಾಚೀನ ಗುರುವಿನ ಹೆಸರೆತ್ತಿದಳು. ಆತನ ಒಂದು ಸಾಲೂ ಓದಿರದ ನಾನು ಮೇಜು ಕುಟ್ಟಿ, ತಲೆ ಬಗ್ಗಿಸುವುದನ್ನು ಬಿಟ್ಟು ಆತ ಏನನ್ನೂ ಕಲಿಸಲಿಲ್ಲ ಎಂದುಬಿಟ್ಟೆ. ಚಪ್ಪಾಳೆಯೋ ಚಪ್ಪಾಳೆ. ತೀರ್ಪುಗಾರರೂ ಓದಿರಲಿಲ್ಲವೆಂದು ಕಾಣುತ್ತದೆ.

ವಾಪಸ್ ಬಸ್ಸಿನಲ್ಲಿ ಬಹುಮಾನದ ಕಪ್ಪನ್ನು ತೊಡೆಯ ಮೇಲಿಟ್ಟುಕೊಂಡು ಹೊಗಳಿಕೆಗೆ ಕಾದೆ. ಸರ್ ಕಿಟಕಿಯಾಚೆ ನೋಡುತ್ತಲೇ ಕೇಳಿದರು:

“ಅಂವ ಏನ್ ಅಂದಾನಲೇ? ಅಂವ ಹೌದು ಅನ್ನೋಹಂಗ ಹೇಳು ನೋಡೂನು.”

“ಅಂವ ಸತ್ತು ಎರಡೂವರಿ ಸಾವಿರ ವರ್ಷ ಆತ್ರೀ ಸರ.”

“ಅದಕ್ಕ ನಿನಗ ಇಷ್ಟು ಧೈರ್ಯ ಬಂದದ.”

ಆ ಹಟಕ್ಕೆ ಪುಸ್ತಕ ಹಿಡಿದೆ. ಅನುವಾದಗಳನ್ನು ನಂಬದೆ ಲಿಪಿ ಕಲಿತೆ. ಲಿಪಿ ಕಲಿತ ತಪ್ಪಿಗೆ ಪಿಎಚ್.ಡಿ. ಆಯಿತು. ಚೀನಾ ಮಾಲು ಬಾಳಿಕೆ ಬರುವುದಿಲ್ಲವೆಂದು ಎಚ್ಚರಿಸುತ್ತಲೇ ಅವ್ವ ವರ್ಷಗಟ್ಟಲೆ ಹಾಸ್ಟೆಲಿಗೆ ರೊಟ್ಟಿ ಕಟ್ಟಿ ಕಳಿಸಿದಳು. ಕೊನೆಗೆ ಸಿಕ್ಕಿದ್ದೇನು? ತಂದೆ ತಪ್ಪಿದರೆ ಮಗ ಎದುರು ಮಾತಾಡಲೇಬೇಕು ಎಂಬ ಉಪದೇಶ, ಅದೂ ಆ ಗುರುವಿನ ಪರಂಪರೆಯಲ್ಲೇ. ಎದುರಾಡುತ್ತಾನೆಂದು ಊರೆಲ್ಲ ಬೈದ ನನ್ನ ಒಂದೇ ಗುಣವನ್ನು ಮೆಚ್ಚಿದ್ದು ನಾನು ಬೈದ ಮನುಷ್ಯ.

ಬರುವ ಸೋಮವಾರ ರಾಯಚೂರಿನಲ್ಲಿ ಅಧ್ಯಾಪಕನಾಗಿ ನನ್ನ ಮೊದಲ ಪಾಠ. ವಿಷಯ ಅದೇ ಗುರು. ಬಸ್ಸಿನಲ್ಲಿ ಸರ್ ಕೇಳಿದ ಆ ಹಳೆಯ ಪ್ರಶ್ನೆಗೆ ಉತ್ತರ ಕೊಡದೆ ಹಲಗೆಯ ಮುಂದೆ ನಿಲ್ಲಲು ಮನಸ್ಸಾಗಲಿಲ್ಲ. ನಿನ್ನೆ ಮಾನ್ವಿಗೆ ಹೋದೆ. ನಿವೃತ್ತರಾದ ಸರ್ ಪಡಸಾಲೆಯಲ್ಲಿ ಕೂರಿಸಿ ಚಹಾ ಕೊಟ್ಟರು. ಒಂದು ತಾಸು ಆ ಗುರುವಿನ ಮಾತನ್ನು ಹೇಳಿದೆ, ಒಂದು ‘ಆದರೆ’ ಕೂಡ ಸೇರಿಸದೆ. ಜನ್ಮದಲ್ಲಿ ಅದೇ ಮೊದಲು. ಸರ್ ಕಣ್ಣು ಮುಚ್ಚಿ ಕೇಳುತ್ತಿದ್ದರು. ಲೋಕದ ಎಲ್ಲದಕ್ಕೂ ಸಾಕ್ಷಿ ಕೇಳುವವನಿಗೆ ಆಗ ಒಂದು ತಲೆಯಾಟ ಸಾಕಿತ್ತು. ಚಹಾ ಆರಿತು. ತಡೆಯಲಾರದೆ ನಾನೇ ಕೇಳಿದೆ:

“ಸರ, ಈಗರ ಅಂವ ಹೌದು ಅಂತಾನೇನ್ರೀ?”