ಬಹುಮತವಿಲ್ಲದ ದಿನಗಳಲ್ಲಿ ನನ್ನ ಮದುವೆ

ದಿಲ್ಲಿಯಲ್ಲಿ ಏನೇ ಆಗಲಿ, ಅದರ ಹೆದರಿಕೆ ಮೊದಲನೇ ಬಸ್ಸಿಗೇ ಹೊಸೂರಿಗೆ ಬಂದಿಳಿಯುತ್ತಿತ್ತು. ಇಳಿದು ಎಲ್ಲೂ ನಿಲ್ಲದೆ ನೆಟ್ಟಗೆ ನಮ್ಮ ಮನೆಗೇ ಬರುತ್ತಿತ್ತು. ಯಾಕೆಂದರೆ ಅಲ್ಲಿ ನಮ್ಮಪ್ಪ ಅದಕ್ಕಾಗಿ ಬಾಗಿಲು ತೆಗೆದುಕೊಂಡೇ ಕೂತಿರುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಲೋಕಸಭೆ ಚುನಾವಣೆ ಮುಗಿದಿತ್ತು, ಯಾರಿಗೂ ಬಹುಮತ ಬಂದಿರಲಿಲ್ಲ. ನಾನಾಗ ತಮಿಳುನಾಡಿನ ಗಡಿ ಊರಾದ ಈ ಹೊಸೂರಿನ ಶಾಲೆಯೊಂದರಲ್ಲಿ ಕನ್ನಡ ಟೀಚರು. ವಯಸ್ಸು ಮೂವತ್ತರ ಹತ್ತಿರ. ಎರಡು ಸಂಬಂಧ ಬಂದು, ತಿಂಡಿ ತಿಂದು, ತಪ್ಪಿ ಹೋಗಿದ್ದವು. ಮೂರನೆಯದು ಗಟ್ಟಿಯಾಗಿತ್ತು. ಹುಡುಗ ಗಡಿಯಾಚೆ ಕರ್ನಾಟಕದ, ಸರ್ಜಾಪುರದ ಕಡೆ ಹಳ್ಳಿಯವನು, ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ಫಿಟ್ಟರು. ಧನುರ್ಮಾಸ ಶುರುವಾಗುವುದಕ್ಕೆ ಮುಂಚಿನ ಕೊನೇ ಮುಹೂರ್ತಕ್ಕೆ ಮದುವೆ ಇಟ್ಟಿದ್ದರು. ಅದು ತಪ್ಪಿದರೆ ಸಂಕ್ರಾಂತಿ ಕಳೆಯುವ ತನಕ ಯಾರೂ ಮದುವೆ ಮಾತೇ ಎತ್ತುವುದಿಲ್ಲ. ಅಷ್ಟರಲ್ಲಿ ಇದೂ ತಪ್ಪಿಹೋದರೆ?

ಅಪ್ಪ ಹೇಳಿಬಿಟ್ಟರು, "ಸರ್ಕಾರ ಒಂದು ನಿಲ್ಲಲಿ ಕಣಮ್ಮಾ. ಆಮೇಲೆ ಮದುವೆ."

ಅಪ್ಪನ ಹೆದರಿಕೆಗೆ ನಾವೆಲ್ಲ ನಗುತ್ತಿದ್ದೆವು. ಆದರೆ ಅದು ಸುಳ್ಳು ಹೆದರಿಕೆಯಲ್ಲ. ಎಮರ್ಜೆನ್ಸಿಯಲ್ಲಿ ಅವರ ಆಫೀಸಿನಲ್ಲಿ ಪಕ್ಕದ ಮೇಜಿನವರನ್ನು ಪೊಲೀಸರು 'ಸುಮ್ನೆ ಬಂದು ಹೋಗಿ ಸಾರ್' ಅಂತ ಕರೆದುಕೊಂಡು ಹೋದರು. ಆ ಮನುಷ್ಯ ವಾಪಸ್ಸು ಬರೋ ಹೊತ್ತಿಗೆ ತಲೆಕೂದಲೆಲ್ಲ ಬೆಳ್ಳಗಾಗಿತ್ತು. ಅಂದಿನಿಂದ ಅಪ್ಪನಿಗೆ ಪೇಪರಿನಲ್ಲಿ ದಿಲ್ಲಿ ಅನ್ನೋ ಹೆಸರು ಕಂಡರೆ ಸಾಕು, ಪೇಪರು ಮಡಿಚಿ ದಿಂಬಿನ ಕೆಳಗೆ ಇಟ್ಟುಬಿಡುತ್ತಿದ್ದರು.

ಮೂರು ರೇಡಿಯೋ

ಬೆಳಿಗ್ಗೆ ಬೆಂಗಳೂರಿನ ಕನ್ನಡ ವಾರ್ತೆ. ಯಾರಿಗೂ ಬಹುಮತ ಇಲ್ಲ ಅಂದರು. ಅಪ್ಪ ರೇಡಿಯೋ ಕಿವಿ ಹಿಂಡಿ ಆರಿಸಿದರು.

"ಇವರಿಗೆ ಇನ್ನೂ ಪೂರ್ತಿ ಸುದ್ದಿ ಬಂದಿಲ್ಲ. ತಮಿಳಲ್ಲಿ ಕೇಳೋಣ ತಡಿ."

ಪಕ್ಕದ ಮನೆಯವರು ತಮಿಳಿನವರು, ರಿಟೈರಾದ ಪೋಸ್ಟ್‌ಮಾಸ್ಟರು. ಅಪ್ಪ ಕಾಂಪೌಂಡಿನ ಮೇಲೆ ಕತ್ತು ಚಾಚಿ ನಿಂತರು. ಮದರಾಸಿನ ವಾರ್ತೆ ಮುಗಿಯಿತು. ಪೋಸ್ಟ್‌ಮಾಸ್ಟರು ಕೈ ಅಲ್ಲಾಡಿಸಿ, "ಯಾರುಕ್ಕುಮೇ ಮೆಜಾರಿಟಿ ಇಲ್ಲೆ ಸಾರ್" ಅಂದರು.

ಅಪ್ಪ ಎದೆಗುಂದಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಎದುರು ಸಾಲಿನ ಬಟ್ಟೆ ಅಂಗಡಿ ಶೆಟ್ಟರ ಮನೆಗೆ ನಡೆದರು. ಅವರ ಮನೆಮಾತು ತೆಲುಗು, ಅವರ ಮನೆಯಲ್ಲಿ ತೆಲುಗು ವಾರ್ತೆ. ನಾನು ಕಿಟಕಿಯಲ್ಲಿ ನೋಡುತ್ತಿದ್ದೆ. ನನಗೂ ಆಸೆ ಅನ್ನಿ, ತೆಲುಗಿನಲ್ಲಾದರೂ ಒಂದು ಸರ್ಕಾರ ಬರಲಿ, ನನ್ನ ಮದುವೆ ಆಗಲಿ ಅಂತ. ಶೆಟ್ಟರು ಬಾಗಿಲಿಗೇ ಬಂದು, "ಎವರಿಕೀ ಮೆಜಾರಿಟೀ ರಾಲೇದಂಡೀ" ಅಂದರು.

ಅಪ್ಪ ಬಂದು ಮಂಚದ ಮೇಲೆ ಕೂತವರು ಬೆವರು ಒರೆಸಿಕೊಂಡರು.

"ಮೂರು ಭಾಷೇಲೂ ಇಲ್ಲ ಅಂದ್ಮೇಲೆ ಇನ್ನು ಇಲ್ಲವೇ ಇಲ್ಲ ಕಣೇ" ಅಂದರು ಅಮ್ಮನಿಗೆ. "ನಮಗೆ ಬರೋದೇ ಮೂರು ಭಾಷೆ. ಇನ್ನೆಲ್ಲಿಗೆ ಹೋಗಿ ಕೇಳಲಿ?"

ನಲ್ಲಿ ನೀರು

ಮಾರನೇ ದಿನ ಬೆಳಿಗ್ಗೆ ಹಿಂದಿನ ಬೀದಿಯ ಹೆಂಗಸೊಬ್ಬರು ಬಂದು ಅಮ್ಮನನ್ನು ಕೇಳಿದರು, "ಹೆಂಗೂ ಮದುವೆ ಮುಂದಕ್ಕೆ ಹೋಯ್ತಂತಲ್ಲ, ನಿಮ್ಮ ಕೊಪ್ಪರಿಗೆ ಕೊಡಿ. ನೀರು ತುಂಬಿ ಇಟ್ಕೊತೀನಿ."

ಮನೆಯೊಳಗೆ ಆಡಿದ ಮಾತು ಆಗಲೇ ಹಿಂದಿನ ಬೀದಿಗೆ ಹೋಗಿಬಿಟ್ಟಿದೆ! ಇನ್ನು ಗಂಡಿನ ಮನೆಗೆ ಹೋಗೋದಕ್ಕೆ ಎಷ್ಟು ಹೊತ್ತು? ಅಮ್ಮನಿಗೂ ಉರಿದುಹೋಯಿತು.

"ದಿಲ್ಲೀಲಿ ಸರ್ಕಾರ ಇಲ್ದೇ ಇದ್ರೆ ಇಲ್ಲಿ ನಲ್ಲೀಲಿ ನೀರು ಯಾಕ್ರೀ ನಿಲ್ಲುತ್ತೆ?"

"ಅಯ್ಯೋ, ಸರ್ಕಾರ ಇದ್ದಾಗ್ಲೇ ನೆಟ್ಟಗೆ ಬತ್ತಿರ್ಲಿಲ್ಲ. ಇನ್ನು ಇಲ್ದೇ ಇದ್ರೆ ಬತ್ತದಾ?"

ಅಮ್ಮ ಕೊಪ್ಪರಿಗೆ ಕೊಡಲಿಲ್ಲ. ಬೀದಿಯವರೆಲ್ಲ ಹಂಡೆ, ಬಕೆಟ್ಟು, ಇಡ್ಲಿ ಪಾತ್ರೆ, ಕೊನೆಗೆ ಕಲಗಚ್ಚು ಹಾಕೋ ಬಾನಿಗೂ ನೀರು ತುಂಬಿ ಮುಚ್ಚಿಟ್ಟರು. ಆ ವಾರ ನೋಡಿ, ಏನಾಯಿತೋ ಏನೋ, ಹೊತ್ತಿಲ್ಲ ಗೊತ್ತಿಲ್ಲ ನಲ್ಲಿಯಲ್ಲಿ ಧೋ ಅಂತ ನೀರು! ತುಂಬಿಕೊಳ್ಳೋಕೆ ಪಾತ್ರೆ ಇಲ್ಲದೆ ಚರಂಡಿಗೆ ಹರಿಯಿತು.

ಅದೇ ಹೆಂಗಸು ಗೇಟಿನಲ್ಲಿ ನಿಂತು ಅಂದರು, "ಇದೇ ಚೆನ್ನಾಗೈತೆ ಕಣ್ರೀ. ಸರ್ಕಾರ ಯಾರಿಗೂ ಬ್ಯಾಡ ಬಿಡಿ."

ಪಟದ ಮೊಳೆ

ಅಪ್ಪ ಮದುವೆ ಮುಂದಕ್ಕೆ ಅಂದರೂ ನಾನೂ ಅಮ್ಮನೂ ಬಿಡಲಿಲ್ಲ. ಮದುವೆಗೆ ಸಕ್ಕರೆ ಬೇಕಲ್ಲ, ಪರ್ಮಿಟ್ಟಾದರೂ ತೆಗೆದುಕೊಂಡು ಬನ್ನಿ ಅಂತ ಅವರನ್ನು ಎಬ್ಬಿಸಿಕೊಂಡು ರೇಷನ್ ಆಫೀಸಿಗೆ ಹೋದೆ. ಅಲ್ಲಿನ ಗುಮಾಸ್ತರು ಅಪ್ಪನಿಗೆ ಹಳೇ ಪರಿಚಯ. ಅಪ್ಪನಷ್ಟೇ ಧೈರ್ಯಸ್ಥರು.

ಪೆನ್ನು ತೆಗೆದರು, ಮುಚ್ಚಳ ತೆಗೆದರು, ಮತ್ತೆ ಹಾಕಿದರು.

"ಸೈನು ಹಾಕಬೋದಾ ಅಂತ ಸಾರ್. ಯಾವ ಸರ್ಕಾರದ ಪರವಾಗಿ ಹಾಕ್ಲಿ? ನಾಳೆ ಬರೋರು, ಅವತ್ತು ಯಾಕಯ್ಯಾ ಹಾಕ್ದೆ ಅಂದ್ರೆ?"

"ಹೌದು ಹೌದು, ಹಾಕ್ಬೇಡಿ" ಅಂದರು ಅಪ್ಪ. ನಾನು ಅಪ್ಪನ ಕಡೆ ಕಣ್ಣು ಬಿಟ್ಟೆ.

ಆಗ ಗೋಡೆ ನೋಡಿದೆ. ಪ್ರಧಾನಿಯವರ ಪಟ ಇದ್ದ ಜಾಗದಲ್ಲಿ ಒಂದು ಚೌಕ ಬೆಳ್ಳಗೆ ಕಾಣುತ್ತಿತ್ತು. ಅದರ ಮೇಲಿನ ಮೊಳೆಗೆ ವಳ್ಳಿ, ದೇವಸೇನೆ ಇಬ್ಬರು ಹೆಂಡಿರ ಸಮೇತ ಮುರುಗನ ಕ್ಯಾಲೆಂಡರು ನೇತುಹಾಕಿದ್ದರು.

"ಪಟ ಎಲ್ಲಿ ಸಾರ್?" ಅಂದೆ.

"ಬೀರುವಲ್ಲಿ ಇಟ್ಟಿದ್ದೀನಮ್ಮ. ಅವರೇ ಬಂದ್ರೆ ಮತ್ತೆ ನೇತುಹಾಕ್ತೀನಿ. ಬೇರೆಯವರು ಬಂದ್ರೆ ಪಟ ಇರ್ಲಿಲ್ಲ ಅಂತೀನಿ."

ನನಗೆ ಎಲ್ಲಿತ್ತೋ ಸಿಟ್ಟು. "ಸಾರ್, ಆ ಮುರುಗನ ಮೇಲೆ ಭಾರ ಹಾಕಿ ಸೈನು ಹಾಕಿ. ನನ್ನ ಮದುವೆ ಸಾರ್ ಇದು" ಅಂದೆ. ಗುಮಾಸ್ತರು ಕ್ಯಾಲೆಂಡರು ನೋಡಿದರು, ನನ್ನ ಮುಖ ನೋಡಿದರು, ಕೊನೆಗೂ ಸೈನು ಹಾಕಿದರು.

ಹಾಕಿ, ಮುರುಗನ ಕಡೆ ತೋರಿಸಿ ಅಪ್ಪನಿಗೆ ಮೆಲ್ಲಗೆ ಹೇಳಿದರು, "ಇಬ್ಬರನ್ನ ಪಕ್ಕದಲ್ಲಿಟ್ಕೊಂಡು ಇಷ್ಟು ಕಾಲ ನಡೆಸ್ಕೊಂಡು ಬಂದಿದ್ದಾನಲ್ಲ ಸಾರ್, ಮಿಶ್ರ ಸರ್ಕಾರದ ಅನುಭವ ಇವನಿಗೊಬ್ಬನಿಗೇ ಇರೋದು."

ರಾಗಿ ಮೆದೆ

ಸಕ್ಕರೆ ಸಿಕ್ಕಿತು. ಸೋದರಮಾವ ಕೈಕೊಟ್ಟರು.

ನಮ್ಮಲ್ಲಿ ಹೆಣ್ಣನ್ನು ಮಂಟಪಕ್ಕೆ ಕರೆತರೋದು ಸೋದರಮಾವನೇ. ಅವರಿಲ್ಲದೆ ಹೆಜ್ಜೆ ಇಡುವ ಹಾಗಿಲ್ಲ. ನನ್ನ ಮಾವ ಉದ್ದನಪಲ್ಲಿಯಲ್ಲಿ ಬೇಸಾಯಗಾರರು. ಸರ್ಕಾರ ನಿಲ್ಲೋ ತನಕ ಊರು ಬಿಟ್ಟು ಬರೋದಿಲ್ಲ ಅಂತ ಹೇಳಿ ಕಳಿಸಿದರು. ಎಮರ್ಜೆನ್ಸಿಯಲ್ಲಿ ಹಳ್ಳಿ ಹಳ್ಳಿಗೆ ಜೀಪು ಬಂದು ಗಂಡಸರನ್ನು ಮಕ್ಕಳಾಗದ ಹಾಗೆ ಮಾಡೋ ಆಪರೇಷನ್ನಿಗೆ ಹತ್ತಿಸಿಕೊಂಡು ಹೋಗುತ್ತಿದ್ದರು ಅನ್ನೋ ಮಾತು ಅವರ ತಲೆಯಿಂದ ಹೋಗಿರಲಿಲ್ಲ. ಈಗ ಕೇಳೋರಿಲ್ಲ, ಮತ್ತೆ ಶುರುವಾಗ್ತದೆ ಅಂತ ಅವರ ಲೆಕ್ಕ.

ಮುಂದಿನದು ಮಾವನ ಹೆಂಡತಿ, ನಮ್ಮತ್ತೆ, ಬಂದು ಹೇಳಿದ್ದು. ಒಂದು ಮಧ್ಯಾಹ್ನ ನಿಜವಾಗಿಯೂ ಜೀಪಿನ ಸದ್ದು ಕೇಳಿತು. ಮಾವ ಉಣ್ಣುತ್ತಿದ್ದ ಮುದ್ದೆ ಬಿಟ್ಟು, ಕಣದಲ್ಲಿ ಒಟ್ಟಿದ್ದ ರಾಗಿ ಮೆದೆಯೊಳಗೆ ತೂರಿಕೊಂಡರು. ಜೀಪು ಮನೆ ಮುಂದೆಯೇ ನಿಂತಿತು. ಇಳಿದವರು ದನದ ಡಾಕ್ಟರು. ಹೋರಿಯ ಬೀಜ ಹೊಡೆಯೋಕೆ ಬರಬೇಕು ಅಂತ ಮಾವನೇ ಹಿಂದಿನ ವಾರ ಕೈಮುಗಿದು ಕರೆದು ಬಂದಿದ್ದರು. ಹೆದರಿಕೆಯಲ್ಲಿ ಅದು ಮರೆತೇ ಹೋಗಿತ್ತು.

ಡಾಕ್ಟರು ಅಂಗಳದಲ್ಲಿ ನಿಂತು ಗಟ್ಟಿಯಾಗಿ ಕೇಳಿದರು, "ಎಲ್ಲಮ್ಮಾ ಅವನು? ವಯಸ್ಸು ಮೀರ್ತಾ ಐತೆ, ಇನ್ನು ಬಿಡಬಾರ್ದು. ಹಗ್ಗ ತಗೊಂಡು ಬನ್ನಿ. ಕಾಲು ಕಟ್ಟಿ ಕೆಡವಿದ್ರೆ ಒಂದೇ ಏಟಿಗೆ ಮುಗಿಸ್ಬುಡ್ತೀನಿ!"

ಮೆದೆ ಗಡಗಡ ನಡುಗಿತಂತೆ. ಹೋರಿ ಅಂಬಾ ಅಂತ ಅರಚಿಕೊಂಡ ಮೇಲೆಯೇ ಮಾವ ಮೈಯೆಲ್ಲ ರಾಗಿಹುಲ್ಲು ಮೆತ್ತಿಕೊಂಡು, "ಓ, ನೀವಾ ಸಾಮಿ" ಅಂತ ಹೊರಗೆ ಬಂದರಂತೆ.

"ಆರು ಮಕ್ಕಳಾಗೋ ತಂಕ ಸುಮ್ಕಿದ್ದ ಸರ್ಕಾರ ಈಗ ಬಂದು ಇವರನ್ನ ಹಿಡ್ಕೊಂಡೋಗ್ತದಾ?" ಅಂದರು ಅತ್ತೆ. ನಾನು ನಕ್ಕು ನಕ್ಕು ಅಳೋ ಹಾಗಾದೆ, ಅದರಲ್ಲಿ ಅರ್ಧ ನಿಜವಾಗಿಯೂ ಅಳುವೇ. "ಮಾವ ಬರ್ದೇ ಹೋದ್ರೆ ನನ್ನ ಗತಿ ಏನತ್ತೆ?" ಅಂದೆ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ನೀನು ಹೆದರ್ಕೋಬ್ಯಾಡ ಕಣಮ್ಮ. ಹೋರಿಗೆ ಕಟ್ಟಿದ್ದ ಹಗ್ಗ ಇನ್ನೂ ಮನೇಲೇ ಐತೆ, ಕಟ್ಕೊಂಡು ಬತ್ತೀನಿ."

ಬಾಗಲೂರು ಗೇಟು

ಇನ್ನು ಅಪ್ಪ. ಟೌನಿನಲ್ಲಿದ್ದರೆ ಪೊಲೀಸರು ಬರುತ್ತಾರೆ, ಹಳ್ಳಿಯಲ್ಲಾದರೆ ಯಾರೂ ಬರೋದಿಲ್ಲ ಅಂತ ಅವರಿಗೆ ಹೊಳೆಯಿತು. ಮದುವೆಗೆ ತಂದಿದ್ದ ಅಕ್ಕಿ, ಕೊಪ್ಪರಿಗೆ, ಸೀರೆ ಪೆಟ್ಟಿಗೆ ಎಲ್ಲ ಗಂಡಿನವರ ಹಳ್ಳಿಮನೆಯಲ್ಲಿಟ್ಟು, ಮದುವೆ ಸಂಕ್ರಾಂತಿ ಆದಮೇಲೆ ಅಂತ ಹೇಳಿ ಬರೋಣ ಅಂತ ಒಂದು ತರಕಾರಿ ಟೆಂಪೋ ಗೊತ್ತು ಮಾಡಿದರು.

"ನಾನೂ ಬರ್ತೀನಿ" ಅಂದೆ.

"ಮದುವೆಗೆ ಮುಂಚೆ ಹೆಣ್ಣು ಆ ಮನೆ ಹೊಸಿಲು ತುಳಿಯೋದಾ!" ಅಂತ ಅಮ್ಮ ಬಾಯಿಗೆ ಸೆರಗು ಹಿಡಿದರು.

"ತುಳಿಯಲ್ಲ, ಟೆಂಪೋದಲ್ಲೇ ಕೂತಿರ್ತೀನಿ. ನನ್ನ ಮದುವೆ ಬೇಡ ಅನ್ನೋ ಮಾತು ನನ್ನ ಕಿವಿಯಾರೆ ಕೇಳ್ತೀನಿ" ಅಂದವಳೇ ಹತ್ತಿ ಅಕ್ಕಿ ಮೂಟೆ ಮೇಲೆ ಕೂತೆ.

ಬಾಗಲೂರು ದಾಟಿದ ಮೇಲೆ ಗಡಿ ಗೇಟು. ನಮ್ಮ ಟೆಂಪೋ ನಿಂತಿತು. ಆ ಕಡೆಯಿಂದ ಒಂದು ಟ್ರಾಕ್ಟರ್ ಬಂದು ಎದುರಿಗೆ ನಿಂತಿತು. ಅದರಲ್ಲೂ ಅಕ್ಕಿ ಮೂಟೆ, ಅದರಲ್ಲೂ ಕೊಪ್ಪರಿಗೆ. ಮುಂದೆ ಕೂತಿದ್ದವರು ಹುಡುಗನ ಅಪ್ಪ, ನನ್ನ ಮಾವನಾಗಬೇಕಾದವರು! ಹಿಂದೆ ಮೂಟೆ ಮೇಲೆ ಕೊಪ್ಪರಿಗೆ ತಬ್ಬಿಕೊಂಡು ಕೂತಿದ್ದವನು ಹುಡುಗ.

"ನಿಮ್ಮನೇಗೇ ಹೊರಟಿದ್ವಿ" ಅಂದರು ಅಪ್ಪ.

"ನಾವೂ ನಿಮ್ಮನೇಗೇ ಬತ್ತಿದ್ವಿ. ಹಳ್ಳೀಲಿ ಗಲಾಟೆ ಆದ್ರೆ ಯಾರೂ ಗತಿ ಇಲ್ಲ. ಟೌನಲ್ಲಾದ್ರೆ ಪೊಲೀಸ್ನೋರು ಇರ್ತಾರೆ, ಧೈರ್ಯ. ಸಾಮಾನು ನಿಮ್ಮಲ್ಲೇ ಇಟ್ಬುಟ್ಟು, ಮದ್ವೆ ಆಮೇಕೆ ನೋಡೋವಾ ಅಂತ..."

ಇಬ್ಬರ ಬಾಯಲ್ಲೂ ಅದೇ ಮಾತು. ಮುಗಿಯಿತು ನನ್ನ ಕತೆ ಅಂದುಕೊಂಡೆ.

ಅಷ್ಟರಲ್ಲಿ ಗೇಟಿನ ಪೇದೆ ಬಂದ. ಗಡಿಯವನಾದ್ದರಿಂದ ಮೂರೂ ಭಾಷೆ ಬರುತ್ತಿತ್ತು. ಆಗೆಲ್ಲ ಅಕ್ಕಿಯನ್ನು ಮನಸ್ಸಿಗೆ ಬಂದ ಹಾಗೆ ಗಡಿ ದಾಟಿಸುವಂತಿರಲಿಲ್ಲ. ಅವನು ಆ ಕಡೆ ಮೂಟೆ ನೋಡಿದ, ಈ ಕಡೆ ಮೂಟೆ ನೋಡಿದ.

"ಇಲ್ಲಿಂದ ಅಲ್ಲಿಗೆ ಅಕ್ಕಿ, ಅಲ್ಲಿಂದ ಇಲ್ಲಿಗೆ ಅಕ್ಕಿ. ಏನ್ರಪ್ಪಾ ಇದು?"

"ಮದುವೆ ಅಕ್ಕಿ ಸಾರ್" ಅಂದರು ಅಪ್ಪ. "ಮದ್ವೆ ಅಕ್ಕಿ ಸಾಮಿ" ಅಂದರು ಅವರು.

"ಸರಿ. ಮದುವೆ ಯಾವತ್ತು?"

ಅಪ್ಪ, "ಸರ್ಕಾರ ಒಂದು ನಿಂತ ಮೇಲೆ ಸಾರ್..." ಅಂದರು.

"ಹಂಗಾ? ಮದುವೆ ಇದ್ರೆ ಮದುವೆ ಅಕ್ಕಿ. ಇಲ್ದಿದ್ರೆ ಕಳ್ಳ ಅಕ್ಕಿ. ಇಳಿಸಿ ಎಲ್ಲಾನೂ. ಸ್ಟೇಷನ್ನಿಗೆ ನಡೀರಿ."

ಸ್ಟೇಷನ್ ಅಂದದ್ದೇ ತಡ, ಅಪ್ಪನ ಮುಖದಲ್ಲಿ ರಕ್ತ ಇಂಗಿಹೋಯಿತು. ನನಗೆ ಎಲ್ಲಿಂದಲೋ ಧೈರ್ಯ ಬಂತು. ಮೂಟೆ ಮೇಲೆ ಎದ್ದು ನಿಂತೆ. ವೋಟಿನ ಮಸಿ ಬೆರಳಲ್ಲಿ ಇನ್ನೂ ಹಾಗೇ ಇತ್ತು. ಆ ಬೆರಳನ್ನೇ ಎತ್ತಿ ಹೇಳಿದೆ:

"ಮದುವೆ ಇಟ್ಟ ದಿನಕ್ಕೇ ಸಾರ್. ನಂದು ಒಂದು ವೋಟು."

ಹುಡುಗಿ ನೋಡೋ ದಿನ ಬಾಯೇ ಬಿಡದಿದ್ದ ಹುಡುಗ ಎದುರಿನ ಟ್ರಾಕ್ಟರಿನಲ್ಲಿ ಎದ್ದು ನಿಂತ. ತಬ್ಬಿಕೊಂಡಿದ್ದ ಕೊಪ್ಪರಿಗೆ ಢಣಾರ್ ಅಂತ ಬಿತ್ತು. ಅವನ ಬೆರಳಲ್ಲೂ ಮಸಿ.

"ನಂದೂ ಹಾಕ್ಕೊಳ್ಳಿ ಸಾರ್! ಫ್ಯಾಕ್ಟರೀಲಿ ಲೀವೂ ಸ್ಯಾಂಕ್ಷನ್ ಆಗೈತೆ!"

ಅವನಪ್ಪ ಅಕ್ಕಿ ಮೂಟೆ ನೋಡಿದರು, ಪೇದೆಯ ಲಾಠಿ ನೋಡಿದರು, ತಾವೂ ಬೆರಳೆತ್ತಿದರು. ಉಳಿದವರು ನಮ್ಮಪ್ಪ ಒಬ್ಬರೇ. ಎಲ್ಲರೂ ಅವರನ್ನೇ ನೋಡಿದೆವು. ಅವರ ಮಸಿ ಬೆರಳು ಇಷ್ಟಿಷ್ಟೇ ಮೇಲೆ ಬಂತು.

ಪೇದೆ ಎಣಿಸಿ ನೋಡಿ ಬಿದ್ದು ಬಿದ್ದು ನಕ್ಕ. "ದಿಲ್ಲೀಲಿ ಬರ್ದೇ ಇದ್ದ ಮೆಜಾರಿಟಿ ಇಲ್ಲಿ ಬಂತಲ್ರಪ್ಪಾ! ಹೋಗಿ, ಮದುವೆ ಮಾಡ್ಕೊಳ್ಳಿ" ಅಂತ ಗೇಟು ಎತ್ತಿದ.

ನಾನು ನಗ್ತಾ ಕಣ್ಣು ಒರೆಸಿಕೊಳ್ತಾ ಇದ್ದೆ. ಅಪ್ಪ ಮಾತ್ರ ಟೆಂಪೋ ಹತ್ತಲಿಲ್ಲ. ಪೇದೆಯ ಹತ್ತಿರ ಹೋಗಿ ಕೈಮುಗಿದು ಮೆಲ್ಲಗೆ ಅಂದರು:

"ಸಾರ್, ಮುಹೂರ್ತದ ತನಕ ಯಾರೂ ಪಕ್ಷ ಬದಲಾಯಿಸಬಾರ್ದು ಅಂತ ನೀವೇ ಆ ಬೀಗರಿಗೆ ಒಂದು ಮಾತು ಹೇಳ್ಬಿಡಿ."