ಶೆಡ್ಡಿಗೆ ಎಳೆದ ಕರೆಂಟು

ಇದನ್ನು ಹೇಳಬೇಕು, ಹೇಳಬೇಕು ಎಂದುಕೊಳ್ಳುತ್ತಲೇ ಮುಂದೂಡುತ್ತ ಬಂದೆ. ಯುಗಾದಿ ಆಗಲಿ ಎಂದೆ, ಆಯಿತು. ಮಳೆಗಾಲ ಕಳೆಯಲಿ ಎಂದೆ, ಕಳೆಯಿತು. ವಿಷಯ ತೀರ ಸಣ್ಣದು: ಹಿತ್ತಲಿನ ಶೆಡ್ಡಿಗೆ ಕರೆಂಟು ಕೊಡುವುದು ಹೇಗೆ? ಅದಕ್ಕೆ ನಿಯಮಗಳಿವೆ, ಈಗ ನನಗೆ ಅವೆಲ್ಲ ಬಾಯಿಪಾಠ. ಒಂದೇ ತೊಂದರೆಯೆಂದರೆ, ನಾನು ಅವನ್ನು ಕಲಿತದ್ದು ಕರೆಂಟು ಕೊಟ್ಟ ಮೇಲೆ.

ಗೋಪನಕೊಪ್ಪದ ನಮ್ಮ ಹಿತ್ತಲು ದೊಡ್ಡದೇನಲ್ಲ. ಒಂದು ನುಗ್ಗೆಮರ, ಬಟ್ಟೆ ಒಗೆಯುವ ಕಲ್ಲು, ಮೂಲೆಯಲ್ಲಿ ತಗಡಿನ ಶೆಡ್ಡು. ಅಮರಗೋಳದ ಮಾರ್ಕೆಟ್ಟಿನಲ್ಲಿ ದಲಾಲರ ಅಂಗಡಿಯ ಗುಮಾಸ್ತಿಕೆ ಬಿಟ್ಟ ಮೇಲೆ ಆ ಶೆಡ್ಡೇ ನನ್ನ ಕಚೇರಿಯಾಯಿತು. ಸೇವಂತಿಗೆ ಸಸಿಗಳಿಗೆ ಚೀಲದಲ್ಲಿ ಮಣ್ಣು ತುಂಬುವುದು, ಹಳೆಯ ಪೇಪರು ಓದುವುದು, ಮನೆಯೊಳಗಿಂದ ಕರೆದರೆ ಕೇಳಿಸದಂತೆ ಕೂರುವುದು ಅಲ್ಲಿಯ ಕೆಲಸ. ಕಿಟಕಿ ಇಲ್ಲದ ಕಾರಣ ಹಗಲಲ್ಲೂ ಕತ್ತಲೆ, ಹಾಗಾಗಿ ಬಲ್ಬೊಂದು ಬೇಕಾಯಿತು. ನಾನು ಎಸೆಸೆಲ್ಸಿಯಲ್ಲಿ ವಿಜ್ಞಾನಕ್ಕೆ ಒಳ್ಳೆಯ ಅಂಕ ಪಡೆದವನು. ಅಷ್ಟು ವಿಜ್ಞಾನ ವೈರು ಎಳೆಯುವ ಧೈರ್ಯ ಕೊಡುತ್ತದೆ, ಎಳೆಯಬಾರದೆಂಬ ಬುದ್ಧಿ ಕೊಡುವುದಿಲ್ಲ. ಅಟ್ಟದ ಮೇಲಿದ್ದ ಹಳೆಯ ವೈರಿನ ಸುರುಳಿ ಇಳಿಸಿ, ಅಡುಗೆಮನೆಯ ಮಿಕ್ಸರಿನ ಪ್ಲಗ್ಗಿನಿಂದ ಕಿಟಕಿ ದಾಟಿಸಿ ಹೊರಗೆ ತಂದೆ. ಮುಂದೆ ಅದಕ್ಕೊಂದು ಆಧಾರ ಬೇಕಲ್ಲ? ಗೋಡೆಯಿಂದ ನುಗ್ಗೆಮರದವರೆಗೆ ಬಟ್ಟೆ ಒಣಹಾಕುವ ಕಬ್ಬಿಣದ ತಂತಿ, ನನಗಾಗಿಯೇ ಯಾರೋ ಕಟ್ಟಿಸಿಟ್ಟಂತೆ, ತಯಾರಾಗಿತ್ತು. ವೈರನ್ನು ಅದಕ್ಕೇ ಅಲ್ಲಲ್ಲಿ ಬಿಗಿದು ಶೆಡ್ಡು ಮುಟ್ಟಿಸಿದೆ. ಬಲ್ಬು ಹತ್ತಿತು. ಹೆಂಡತಿ ಗೌರವ್ವನನ್ನು ಕರೆದು ತೋರಿಸಿದೆ.

"ಬಟ್ಟಿ ಹಾಕೋ ತಂತಿಗೆ ಕಟ್ಟೀರಲ್ರಿ?" ಎಂದಳು.

"ಕರೆಂಟು ರಬ್ಬರಿನೊಳಗ ಹರೀತೈತಿ. ನಿನ್ನ ಸೀರಿ ಹಾದಿ ಬ್ಯಾರೆ, ಅದರ ಹಾದಿ ಬ್ಯಾರೆ," ಎಂದು ಪಾಠ ಮಾಡಿದೆ.

ಗಾಳಿಗೆ ತಂತಿ ತೂಗುತ್ತಿತ್ತು, ಹಳೆಯ ರಬ್ಬರು ಉಜ್ಜಿ ಸವೆಯುತ್ತಿತ್ತು. ಇದು ಈಗ ಗೊತ್ತು. ಆಗ ಗೊತ್ತಾದದ್ದು ಇಷ್ಟೇ: ಒಂದು ಬೆಳಿಗ್ಗೆ ಆಕೆ ಶೆಡ್ಡಿನ ಬಾಗಿಲಿಗೆ ಬಂದು, "ರೀ, ಬಟ್ಟಿ ಹಾಕುವಾಗ ಕೈ ಜುಂ ಅಂತಾವ್ರಿ," ಎಂದಳು. ನಾನು ವಿಜ್ಞಾನದವನಲ್ಲವೇ? ಪ್ರಯೋಗ ಮಾಡಿದೆ. ಎದ್ದು ಬಂದು ಆ ತಂತಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. "ನೋಡು, ನನಗೇನೂ ಆಗವಲ್ದು!" ನನ್ನ ಕಾಲಲ್ಲಿ ರಬ್ಬರಿನ ಚಪ್ಪಲಿ ಇತ್ತು, ಆಕೆ ಒಗೆಯುವ ಕಲ್ಲಿನ ನೀರಲ್ಲಿ ಬರಿಗಾಲಲ್ಲಿ ನಿಂತಿದ್ದಳು. ಅದು ಹೊಳೆಯಲಿಲ್ಲ. ಹೊಳೆದದ್ದು ವೈದ್ಯಕೀಯ. "ನಿನಗ ನರದ ತ್ರಾಸ ಸುರು ಆಗೇತಿ," ಎಂದು ಹಟ ಹಿಡಿದು ದವಾಖಾನೆಗೆ ಕರೆದೊಯ್ದೆ.

"ಕೈ ಮ್ಯಾಲೆ ಎತ್ತಿದಾಗ ಆಗತೈತೇನ್ರಿ, ಅಮ್ಮಾರ?" ಡಾಕ್ಟರು ಕೇಳಿದರು.

"ಹೌದ್ರಿ, ಬಟ್ಟಿ ಹಾಕುವಾಗ."

"ಹಂಗಂದ್ರ ಕುತ್ತಿಗಿ ನರ ಒತ್ತಾಕತ್ತೇತಿ."

ನಾನು ಹೇಳಿರಲಿಲ್ಲವೇ ಎಂಬಂತೆ ಆಕೆಯ ಕಡೆ ನೋಡಿದೆ. ಸೂಜಿ ಚುಚ್ಚಿಸಿದ್ದಾಯಿತು, ಗುಳಿಗೆ ತಂದದ್ದಾಯಿತು. ಜುಂ ಎನ್ನುವುದು ನಿಲ್ಲಲಿಲ್ಲ. ಆಕೆ ಹೆದರಿದಳು. ರೊಟ್ಟಿ ಬಡಿಯುವಾಗ ನಡುವೆ ಕೈ ನಿಲ್ಲಿಸಿ ಬೆರಳುಗಳನ್ನು ಮಡಚಿ, ಬಿಡಿಸಿ ನೋಡಿಕೊಳ್ಳುತ್ತಿದ್ದಳು. ಆಮೇಲೆ ರೊಟ್ಟಿ ಬಡಿಯುವುದನ್ನೇ ಬಿಟ್ಟಳು. ಅಂಗಡಿಯ ರೊಟ್ಟಿ ತಾಟಿಗೆ ಬಂತು. ನಾನು, ನಾಚಿಕೆಯಿಲ್ಲದೆ, "ಇದು ರೊಟ್ಟಿಯೋ ರಟ್ಟೋ?" ಎಂದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಕೈ ಪೂರಾ ಹೋದ್ರ ನನ್ನ ಯಾರು ನೋಡೋರ್ರೀ?" ಎಂದಳು. ಮರುದಿನ ಎಣ್ಣೆ ತಿಕ್ಕಿಸಿಕೊಳ್ಳಲು ಅಮ್ಮಿನಬಾವಿಯ ತಂಗಿಯ ಮನೆಗೆ ಹೋದಳು.

ಆಕೆ ಇಲ್ಲದಾಗ ನನ್ನ ಬನಿಯನ್ನು ನಾನೇ ಒಗೆಯಬೇಕಾಯಿತು. ನೆನೆಯಬಾರದೆಂದು ಚಪ್ಪಲಿ ಬಿಟ್ಟಿದ್ದೆ. ಬನಿಯನ್ನು ತಂತಿಗೆ ಹಾಕಿದ್ದೇ ತಡ, ಜುಂ! ಕುತ್ತಿಗೆಯ ನರ ನೆನಪಾಗಲಿಲ್ಲ. ಶೆಡ್ಡಿನೊಳಗೆ ಉರಿಯುತ್ತಿದ್ದ ಬಲ್ಬು ಕಣ್ಣಿಗೆ ಬಿತ್ತು. ಪ್ಲಗ್ಗು ಕಿತ್ತು, ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇನ್ನೊಂದಿಷ್ಟು ರಬ್ಬರು ಸವೆದಿದ್ದರೆ ಏನಾಗುತ್ತಿತ್ತು ಎಂಬ ಲೆಕ್ಕಕ್ಕೆ ನನ್ನ ವಿಜ್ಞಾನ ಸಾಕಿತ್ತು.

ಓಣಿಯ ವೈರ್‌ಮನ್ ಬಸು ಬಂದವನೇ ತಂತಿ ನೋಡಿ ಹಣೆ ಬಡಿದುಕೊಂಡ. "ಕಾಕಾ, ಯಾವ ಮಹಾನುಭಾವ ಎಳದಾನ್ರಿ ಇದನ್ನ? ಅವನ್ನ ಇದರ ಮ್ಯಾಲೇ ಒಣಗಾಕಬೇಕು!"

"ಯಾರೋ ಮೊದಲಿನವ," ಎಂದೆ. ಮಹಾನುಭಾವ ಎಂಬ ಮಾತಿಗಾದರೂ ಒಪ್ಪಿಕೊಳ್ಳಬಹುದಿತ್ತು.

ಆಮೇಲೆ ನನ್ನ ಕುತೂಹಲ ಕೆರಳಿತು. ಬಸು ಅಗೆದಲ್ಲೆಲ್ಲ ಕುಕ್ಕುರುಗಾಲಲ್ಲಿ ಕೂತು ಪ್ರಶ್ನೆ ಕೇಳಿದೆ. ಕೇಬಲ್ಲನ್ನು ಗುದ್ದಲಿ ತಾಗದಷ್ಟು ಆಳದಲ್ಲಿ ಪೈಪಿನೊಳಗೆ ಹೂಳಬೇಕು, ಮೇಲೆ ಮರಳು ಹಾಕಿ ಇಟ್ಟಿಗೆ ಹೊಚ್ಚಬೇಕು. ಮಿಕ್ಸರಿನ ಪ್ಲಗ್ಗಿಗೆ ಕೈ ಹಾಕದೆ ಮೀಟರಿನ ಬಳಿಯಿಂದಲೇ ಬೇರೆ ದಾರಿ ತರಬೇಕು. ಕರೆಂಟು ಸೋರಿದರೆ ತಾನೇ ಕೆಳಗೆ ಬೀಳುವ ಸ್ವಿಚ್ಚು ಇರಬೇಕು. ತಗಡಿಗೂ ಅರ್ಥಿಂಗ್ ಬೇಕು, ಅದರ ಗುಂಡಿಗೆ ಇದ್ದಿಲು, ಉಪ್ಪು ಸುರಿಯಬೇಕು. "ಉಪ್ಪು ಯಾಕೋ?" ಎಂದೆ. "ಭೂಮಿಗೆ ರುಚಿ ಹತ್ತಲಿ ಅಂತ್ರಿ," ಎಂದು ನಕ್ಕು, ಆಮೇಲೆ ನೆಲದಲ್ಲಿ ಕರೆಂಟು ಸಲೀಸಾಗಿ ಇಳಿಯಲಿ ಎಂದು ಬಿಡಿಸಿ ಹೇಳಿದ. ಎಂಥ ಸೊಗಸಾದ ಏರ್ಪಾಡು! ಮೊದಲೇ ಕೇಳಿದ್ದರೆ ಅರ್ಧ ಗಂಟೆಯ ಮಾತು.

ಆಕೆ ಮರಳಿದಳು. ಬಟ್ಟೆ ಹಾಕಿದಳು. ಕೈ ಜುಂ ಎನ್ನಲಿಲ್ಲ. ಮತ್ತೊಮ್ಮೆ ತಂತಿ ಹಿಡಿದು ನೋಡಿದಳು, ನಕ್ಕಳು. ಅಂದೇ ರೊಟ್ಟಿ ಬಡಿದಳು. "ಡಾಕ್ಟರ್ ಕೈಗುಣ ಛಲೋ ಐತ್ರಿ," ಎಂದು ಓಣಿಗೆಲ್ಲ ಸಾರಿದಳು. ಈಗ ಯಾರ ಕೈ ಜುಂ ಎಂದರೂ ಅವರನ್ನು ಅಲ್ಲಿಗೇ ಕಳಿಸುತ್ತಾಳೆ. ಅಷ್ಟಾದರೆ ತಡೆದುಕೊಳ್ಳುತ್ತಿದ್ದೆ. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಇಡುತ್ತ, "ನೀವು ಹಟಾ ಮಾಡಿ ಕರಕೊಂಡು ಹೋದ್ರಿ ಅಂತ ನನ್ನ ಕೈ ಉಳದೂ ನೋಡ್ರಿ," ಎಂದಳು. ಹೇಳಲು ಬಾಯಿ ತೆರೆದೆ. ತೆರೆದ ಬಾಯಿಗೆ ರೊಟ್ಟಿ ಹಾಕಿಕೊಂಡೆ.

ಇದನ್ನು ಬರೆಯುವಾಗ ಶೆಡ್ಡಿನ ಬಾಗಿಲಲ್ಲಿ ಚಹಾ ಹಿಡಿದು ನಿಂತು ಕೇಳಿದಳು, "ಏನ್ ಬರಿಯಾಕತ್ತೀರಿ?"

"ಶೆಡ್ಡಿಗೆ ಕರೆಂಟು ಕೊಡೋ ನಿಯಮ."

"ಯಾರಿಗ್ರಿ?"

"ಓದೋರಿಗೆ," ಎಂದೆ. ಅದೂ ಸುಳ್ಳು. ಇದು ಗೌರವ್ವನಿಗೆ.