ಪಿಲ್ಲರಿನೊಳಗಿನ ದೇವರು

ಇಂಜಿನಿಯರನ ಎದೆ ಧಸಕ್ಕೆನ್ನಲು ಭೂಕಂಪವೇ ಆಗಬೇಕೆಂದಿಲ್ಲ. ಕಟ್ಟಡಕ್ಕೊಬ್ಬ ಮಾಲೀಕನಿದ್ದರೆ ಸಾಕು. ಗುಜರಾತಿನಲ್ಲಿ ಭೂಕಂಪವಾದ ಮರುವರ್ಷ ಕೊಟ್ಟೂರಿನ ಸಾವ್ಕಾರರೊಬ್ಬರು ಹರಪನಹಳ್ಳಿಯ ನನ್ನ ಆಫೀಸಿಗೆ ಬಂದು, ಮೂರಂತಸ್ತಿನ ಕಾಂಪ್ಲೆಕ್ಸ್ ಕಟ್ಟಬೇಕು, ಭೂಮಿ ನಡುಗಿದರೂ ಬೀಳಬಾರದು ಎಂದರು. ಕೆಳಗೆ ಅವರ ಅಂಗಡಿ, ಮೇಲೆ ಬಾಡಿಗೆಯ ಆಫೀಸುಗಳು. ಇಷ್ಟು ತಿಳಿವಳಿಕೆಯ ಮಾಲೀಕರು ಸಿಕ್ಕಿದರಲ್ಲ ಎಂದು ಹಿಗ್ಗಿ ಹೀರೇಕಾಯಿಯಾದೆ.

೧. ಸಾಲು ತಪ್ಪಿದ ರಿಂಗುಗಳು

ಭೂಕಂಪದ ಪೆಟ್ಟು ಪಿಲ್ಲರಿನ ತಲೆಗೂ ಬುಡಕ್ಕೂ ಜಾಸ್ತಿ. ಅದಕ್ಕೇ ಸರಳುಗಳನ್ನು ಸುತ್ತುವ ರಿಂಗುಗಳನ್ನು ಅಲ್ಲಿ ಒತ್ತೊತ್ತಾಗಿ, ನಡುವೆ ವಿರಳವಾಗಿ ಕಟ್ಟಿಸಿ ಊರಿಗೆ ಹೋಗಿದ್ದೆ. ಮರುದಿನ ಬಂದು ನೋಡಿದರೆ ಎಲ್ಲ ರಿಂಗುಗಳೂ ಸಮ ಅಂತರದಲ್ಲಿ ನಿಂತಿವೆ. ಕೆಲಸ ಅಡ್ಡಾದಿಡ್ಡಿಯಾಗಿದೆ ಎಂದು ಸಾವ್ಕಾರರೇ ಮುಂದೆ ನಿಂತು ಸರಿ ಮಾಡಿಸಿದ್ದರಂತೆ. ಕಾಂಕ್ರೀಟ್ ಹಾಕಿದ ಮೇಲೆ ಇದು ಯಾರ ಕಣ್ಣಿಗೆ ಬೀಳುತ್ತದೆ ಎಂದು ಕೇಳಿದೆ.

"ದೇವರಿಗೆ ಕಾಣತೈತಲ್ರಿ," ಎಂದರು.

ಎಲ್ಲ ಬಿಚ್ಚಿಸಿ ಮತ್ತೆ ನನ್ನ ಲೆಕ್ಕದಂತೆ ಕಟ್ಟಿಸಿದೆ. ದೇವರು ಏನೂ ಅನ್ನಲಿಲ್ಲ.

೨. ಗೂಡು

ಅಂಗಡಿ ಪೂಜೆಯ ದಿನ ಹೋದರೆ, ಸಾವ್ಕಾರರ ಗಾದಿಯ ಪಕ್ಕದ ಮೂಲೆಯ ಪಿಲ್ಲರಿನೊಳಗೇ ದೇವರು ಕುಳಿತಿದ್ದಾನೆ. ನಮ್ಮ ಕಡೆ ಗೋಡೆಯಲ್ಲಿ ದೀಪದ ಗೂಡಿಲ್ಲದ ಹಳೇ ಮನೆಯೇ ಇಲ್ಲ. ಅದೇ ರೂಢಿಯಲ್ಲಿ ಉಳಿ ಹಿಡಿಸಿ ಕಾಂಕ್ರೀಟ್ ಕೆತ್ತಿಸಿಬಿಟ್ಟಿದ್ದರು. ಒಂದು ರಿಂಗು ತುಂಡಾಗಿತ್ತು, ಸರಳು ಹಲ್ಲು ಕಿರಿಯುತ್ತಿತ್ತು. ನೆಲ ನಡುಗಿದರೆ ಮೊದಲು ಮುರಿಯುವುದು ಇಲ್ಲೇ, ಇವತ್ತೇ ಮುಚ್ಚಿಸಿ ಎಂದು ಕೈಮುಗಿದೆ. ಪ್ರತಿಷ್ಠೆ ಮಾಡಿದ ದೇವರನ್ನು ಏಳಿಸಬಾರದೆಂದು ಅವರು ಜಪ್ಪಯ್ಯ ಅನ್ನಲಿಲ್ಲ.

"ನಿಮ್ಮ ರಾಡು ಭಾಳ ಗಟ್ಟಿ ಅದಾವ ಸಾಹೇಬ್ರ. ದೀಪ ತೂಗುಹಾಕಾಕ ಅನುಕೂಲ ಆತು."

೩. ಬಾಗಿಲಲ್ಲಿ ಭೇಟಿ

ಆಮೇಲೆ ಬಸ್ಸು ಹತ್ತಿ ಬಂದು ಬಂದು ಬೇಡಿಕೊಂಡೆ. ಪ್ರತಿಸಲವೂ ಚಹಾ ಕುಡಿಸಿ ಕಳಿಸುತ್ತಿದ್ದರು. ಅದರ ಮೇಲೆ, ಭೂಕಂಪಕ್ಕೆ ಜಗ್ಗದ ಬಿಲ್ಡಿಂಗು ಎಂದು ಬಜಾರಿಗೆಲ್ಲ ಡಂಗುರ ಬೇರೆ ಸಾರಿದ್ದರು.

ಒಂದು ಮಧ್ಯಾಹ್ನ ಗೂಡಿನ ಎದುರು ಕೂತು ಅದೇ ಮಾತು ತೆಗೆದಿದ್ದೆ. ಧಡಂ ಎಂದಿತು. ನೆಲ ನಡುಗಿತು, ದೀಪ ಓಲಾಡಿತು. ಹೊರಗೆ ಯಾರೋ ಭೂಕಂಪ ಎಂದು ಕೂಗಿದರು. ನಾನು ಚಪ್ಪಲಿಯನ್ನೂ ಬಿಟ್ಟು ಬಾಗಿಲಿಗೆ ಹಾರಿದೆ. ಅಲ್ಲಿ ಕಾಲಿಡಲು ಜಾಗವಿಲ್ಲ. ದರ್ಜಿ, ಕಿರಾಣಿಯವರು, ಇಡೀ ಬಜಾರು ತಮ್ಮ ಹಳೇ ಅಂಗಡಿಗಳನ್ನು ಬಿಟ್ಟು ನಮ್ಮ ಕಟ್ಟಡದೊಳಕ್ಕೆ ನುಗ್ಗುತ್ತಿತ್ತು. ಅವರು ಒಳಕ್ಕೆ, ನಾನು ಹೊರಕ್ಕೆ. ಬಾಳೆಹಣ್ಣು ಮಾರುವ ಅಜ್ಜಿ ನನ್ನ ಅಂಗಿ ಹಿಡಿದಳು.

"ಕಟ್ಟಿದಾವ ನೀನ ಓಡಿದ್ರ ನಾವೆಲ್ಲಿ ಹೋಗೂನೋ ಯಪ್ಪಾ?"

ಊರಾಚೆಯ ಕಲ್ಲಿನ ಕ್ವಾರಿಯಲ್ಲಿ ಮದ್ದು ಜಾಸ್ತಿ ತುಂಬಿ ಸಿಡಿಸಿದ್ದರೆಂದು ಆಮೇಲೆ ಗೊತ್ತಾಯಿತು. ಆದರೆ ಸಾವ್ಕಾರರು ನನ್ನ ಬರಿಗಾಲನ್ನೊಮ್ಮೆ, ಗೂಡನ್ನೊಮ್ಮೆ ನೋಡುತ್ತ ಬೆವರುತ್ತಿದ್ದರು. ನನ್ನ ಬಾಯಿಂದ ಆಗದ ಕೆಲಸ ಕಾಲಿನಿಂದ ಆಗಿತ್ತು. ಅಂದು ಸಂಜೆಯೇ ಪೂಜೆ ಮಾಡುವ ಅಯ್ನೋರನ್ನು ಕರೆಸಿ ದೇವರನ್ನು ಏಳಿಸಿದರು, ನಾನು ಹೇಳಿದಂತೆ ಪಿಲ್ಲರ್ ರಿಪೇರಿ ಮಾಡಿಸಿದರು.

ಮುಂದಿನ ಸಲ ಹೋದಾಗ ದೇವರು ಬಾಗಿಲ ಪಕ್ಕದ ಗೋಡೆಗೆ ಹೊಡೆದ ಹಲಗೆಯ ಮೇಲಿದ್ದ. ಅಲ್ಲೇಕೆ ಎಂದು ಕೇಳಿದೆ.

"ನೀವು ಓಡೋ ಮುಂದ ಕೈಮುಗಿಯಾಕ ಅನುಕೂಲ ಆಗ್ಲಿ ಅಂತ್ರಿ," ಎಂದರು ಸಾವ್ಕಾರರು.